ಬರಿಗೈ

ಗ್ಲೌಸು ಕೇಳಿದ್ದಕ್ಕೆ ಮೇಡಂ ನಕ್ಕುಬಿಟ್ಟರು.

"ಗ್ಲೌಸಾ? ಅಯ್ಯೋ ಸೊಪ್ಪಕ್ಕ, ಅದು ಪ್ಲಾಸ್ಟಿಕ್ ಅಲ್ವಾ? ನಮ್ಮ ಪಾರ್ಲರ್‌ನಲ್ಲಿ ಒಂದು ಚೂರೂ ಪ್ಲಾಸ್ಟಿಕ್ ಇಲ್ಲ ಅಂತ ಬಾಗಿಲಲ್ಲೇ ಬರೆಸಿದ್ದೀನಿ. ಭೂಮಿ ಮೇಲೆ ಸ್ವಲ್ಪನಾದ್ರೂ ಕನಿಕರ ಬೇಡ್ವಾ ನಿಂಗೆ?"

ಭೂಮಿಯ ಮೇಲೆ ಕನಿಕರವಿಲ್ಲದವಳು ಎಂದು ಈವರೆಗೆ ಯಾರೂ ಅವಳನ್ನು ಅಂದಿರಲಿಲ್ಲ. ಅವಳ ಎರಡೂ ಅಂಗೈ ಬಾಯಿ ಬಿಟ್ಟಿದ್ದವು. ಬೆರಳ ಸಂದಿಯಲ್ಲಿ ನೀರುಗುಳ್ಳೆ ಎದ್ದು, ಒಡೆದು, ಒಡೆದ ಜಾಗದಲ್ಲೇ ಮತ್ತೆ ಎದ್ದಿದ್ದವು. ಉಗುರುಗಳು ಕಪ್ಪಾಗಿ, ಬುಡ ಸಡಿಲಾಗಿ, ಬೀಳಲಿರುವ ಹಲ್ಲಿನ ಹಾಗೆ ಅಲ್ಲಾಡುತ್ತಿದ್ದವು. ಊಟಕ್ಕೆ ಕೈ ಹಾಕಿದರೆ ಉಪ್ಪು ಖಾರ ಸೇರಿ ಜೀವ ಹೋಗುವಷ್ಟು ಉರಿ. ಎರಡು ತಿಂಗಳಿಂದ ಚಮಚದಲ್ಲಿ ತಿನ್ನುತ್ತಿದ್ದಳು. ಗಂಡ ಮೊದಲು "ಏನಮ್ಮಾ, ದೊಡ್ಡ ಮನುಷ್ಯಳಾಗಿಬಿಟ್ಟೆ" ಎಂದು ಗೇಲಿ ಮಾಡಿದ. ಒಂದು ದಿನ ಅವಳ ಕೈ ಹಿಡಿದು ದೀಪದ ಕೆಳಗೆ ನೋಡಿದ. ಆಮೇಲೆ ಗೇಲಿ ಮಾಡಲಿಲ್ಲ.

ಸೊಪ್ಪಕ್ಕ ಎನ್ನುವುದು ಪಾರ್ಲರಿನವರು ಇಟ್ಟ ಹೆಸರು. ಮದರಂಗಿ ಸೊಪ್ಪು, ನೀಲಿ ಸೊಪ್ಪು ಬಿಡಿಸಿ, ತೊಳೆದು, ಕಲ್ಲಿನ ಮೇಲೆ ನುಣ್ಣಗೆ ಅರೆದು ಕೂದಲ ಬಣ್ಣ ಮಾಡಿಕೊಡುವುದು ಅವಳ ಕೆಲಸ. ಆರು ವರ್ಷ ಅದನ್ನೇ ಮಾಡಿದ್ದಳು. ಮಂಡಿಯೂರಿ ಕೂತು ಕಲ್ಲನ್ನು ಹಿಂದೆ ಮುಂದೆ ತಳ್ಳಿ ತಳ್ಳಿ ಭುಜದ ಕೀಲು ಸವೆದಿತ್ತು. ಮಿಕ್ಸಿ ಇರಲಿಲ್ಲ ಅಂತಲ್ಲ. ಇತ್ತು. ಆದರೆ ಮಿಕ್ಸಿಯನ್ನು ಯಾರು ನೋಡುತ್ತಾರೆ? ಬಣ್ಣ ಹಚ್ಚುವ ಕೋಣೆಗೂ ಅರೆಯುವ ಜಾಗಕ್ಕೂ ನಡುವೆ ಇದ್ದ ಗೋಡೆ ಒಡೆಸಿ ಮೇಡಂ ಆಳೆತ್ತರದ ಗಾಜು ಹಾಕಿಸಿದ್ದರು. ಗಾಜಿನ ಈ ಕಡೆ ಮೆತ್ತನೆಯ ಕುರ್ಚಿ, ತಣ್ಣನೆಯ ಗಾಳಿ, ಕೇಳಿಯೂ ಕೇಳದಂಥ ಸಂಗೀತ. ಆ ಕಡೆ ತಗಡಿನ ಸೂರು, ಕಲ್ಲು, ಸೊಪ್ಪಕ್ಕ. ಗಿರಾಕಿಗಳು ತಲೆಗೆ ಬಣ್ಣ ಮೆತ್ತಿಸಿಕೊಳ್ಳುತ್ತಾ ಅವಳು ಬೆವರುವುದನ್ನು ನೋಡುತ್ತಿದ್ದರು. "ಎಲ್ಲಾ ಕೈಯಲ್ಲೇ ಮಾಡ್ತಾರೆ, ಎಷ್ಟು ಚೆಂದ" ಎಂದು ಫೋನು ಎತ್ತಿ ಹಿಡಿಯುತ್ತಿದ್ದರು. ಅವಳು ಮಾತ್ರ ಅವರನ್ನು ನೋಡಬಾರದು. ದಿಟ್ಟಿಸಿದರೆ ಅವರಿಗೆ ಮುಜುಗರವಂತೆ. ಅಲ್ಲಿ ಕೂತು ನೀರು ಕುಡಿಯಬಾರದು. ಆಕಳಿಸಬಾರದು. ಒಂದಕ್ಕೆ ಬಂದರೆ ಹಿಂದಿನ ಬಾಗಿಲಿನಿಂದ ಹೊರಟು, ಚರಂಡಿ ದಾಟಿ, ಬಸ್ ನಿಲ್ದಾಣದ ಕಕ್ಕಸಿನ ತನಕ ನಡೆಯಬೇಕು. ಒಳಗಿನ ಕಕ್ಕಸಿನಲ್ಲಿ ಹೂದಾನಿ ಇಟ್ಟಿದ್ದರು. ಅದು ಗಿರಾಕಿಗಳದ್ದು.

ಸೊಪ್ಪು ಯಾರ ಕೈಯನ್ನೂ ಹೀಗೆ ಮಾಡುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಲ ನಾಲ್ಕು ವರ್ಷ ಕೈ ಕೆಂಪಾಗಿತ್ತು, ಅಷ್ಟೆ. ಆಮೇಲೆ ಡ್ರಮ್ಮು ಬಂತು. ಮೊಣಕಾಲೆತ್ತರದ ನೀಲಿ ಡ್ರಮ್ಮು. ಅದೂ ಪ್ಲಾಸ್ಟಿಕ್ಕಿನದೇ. ಮೈಮೇಲಿನ ಚೀಟಿಯನ್ನು ಯಾರೋ ಕೆರೆದು ತೆಗೆದಿದ್ದರು. ಮೇಡಂ ಅದನ್ನು ಗಾಜಿನಿಂದ ಕಾಣದ ಮೂಲೆಯಲ್ಲಿ ಇಡಿಸಿ, ಮೇಲೆ ಗೋಣಿಚೀಲ ಹೊದಿಸಿದರು.

"ಇದು ಬೇರಿನ ಪುಡಿ. ಬೆಟ್ಟದಿಂದ ತರಿಸಿದ್ದು. ಒಂದು ಬಟ್ಟಲಿಗೆ ಎರಡು ಚಮಚ ಹಾಕಿ ಕಲೆಸು. ಗಂಟು ಉಳೀಬಾರ್ದು."

ಬರೀ ಸೊಪ್ಪಾಗಿದ್ದರೆ ಬಿಳಿಕೂದಲು ಕಪ್ಪಾಗಲು ಮೂರು ಗಂಟೆ ಹಿಡಿಯುತ್ತಿತ್ತು. ಬೇರಿನ ಪುಡಿ ಬಿದ್ದ ಮೇಲೆ ಮುಕ್ಕಾಲು ಗಂಟೆ. ಕುರ್ಚಿಗಳು ಖಾಲಿ ಇರುವುದೇ ನಿಂತುಹೋಯಿತು. ಪುಡಿ ಬೂದು ಬಣ್ಣದ್ದು. ನೀರು ತಾಕಿದರೆ ಕಪ್ಪು. ಮೂಸಿದರೆ ಮೂಗಿನೊಳಗೆ ಸೂಜಿ ಚುಚ್ಚಿದ ಹಾಗೆ. ಮಣ್ಣಿನ ವಾಸನೆ ಇಲ್ಲದ ಬೇರನ್ನು ಸೊಪ್ಪಕ್ಕ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆದರೆ ಕೇಳುವುದು ಯಾರನ್ನು?

ಗಂಟು ಉಳಿಯದ ಹಾಗೆ ಕಲೆಸಬೇಕೆಂದರೆ ಕೈಯೇ ಆಗಬೇಕು. ದಿನಕ್ಕೆ ಎಂಟು ಬಟ್ಟಲು. ಒಮ್ಮೊಮ್ಮೆ ಹತ್ತು.

ಮೇಡಂ ನಕ್ಕ ಮರುದಿನ ಅವಳು ತಾನೇ ಅಂಗಡಿಯಿಂದ ಒಂದು ಜೊತೆ ಗ್ಲೌಸು ತಂದು ಹಾಕಿಕೊಂಡು ಕೂತಳು. ಅರ್ಧ ಗಂಟೆಯೂ ಆಗಿರಲಿಲ್ಲ. ಗಾಜಿನಾಚೆ ಕುರ್ಚಿಯಲ್ಲಿದ್ದ ಹೆಂಗಸೊಬ್ಬಳು ಅವಳತ್ತ ಬೆರಳು ಮಾಡಿ ಏನೋ ಕೇಳಿದಳು. ಮೇಡಂ ಮುಖದ ನಗು ಹಾಗೇ ಉಳಿಯಿತು, ಕಣ್ಣು ಮಾತ್ರ ಬದಲಾಯಿತು. ಹಿಂದಿನಿಂದ ಸುತ್ತಿ ಬಂದು ಸೊಪ್ಪಕ್ಕನ ಮಣಿಕಟ್ಟು ಹಿಡಿದು ಗ್ಲೌಸು ಎಳೆದು ಕಿತ್ತರು. ಒಡೆದ ಗುಳ್ಳೆಗಳ ಸಿಪ್ಪೆ ಅದರ ಜೊತೆಗೇ ಬಂತು.

"ಬರೀ ಸೊಪ್ಪು ಅಂತೀರಿ, ಹಾಗಾದ್ರೆ ಗ್ಲೌಸು ಯಾಕೆ ಅಂತ ಕೇಳ್ತಿದ್ದಾರೆ ಅವ್ರು. ಏನು ಹೇಳ್ಲಿ ನಾನು? ಹೇಳೇ, ಏನು ಹೇಳ್ಲಿ?"

ಆಮೇಲೆ ಅವಳ ಕೈ ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದರು.

"ಥೂ. ಇದೇನೇ ಹೀಗಾಗಿದೆ! ನಾಳೆಯಿಂದ ನೀನು ಗಾಜಿನ ಹತ್ರ ಕೂರ್ಬೇಡ. ಹಿಂದೆ ಕೂತು ಕಲೆಸು. ಮುಂದೆ ಕೂರೋದಕ್ಕೆ ಬೇರೆ ಯಾರನ್ನಾದ್ರೂ ಕರ್ಕೊಂಡು ಬಾ. ಕೈ ನೆಟ್ಟಗಿರೋರು."

ಸೊಪ್ಪಕ್ಕ ತನ್ನ ನಾದಿನಿಯನ್ನು ಕರೆತಂದಳು. ಇಡೀ ಕಥೆಯಲ್ಲಿ ಅವಳು ತನ್ನನ್ನು ತಾನು ಬೈದುಕೊಳ್ಳುವುದು ಇದೊಂದಕ್ಕೆ. ನಾದಿನಿ ಎಂದರೆ ಗಂಡನ ತಂಗಿ, ಇಪ್ಪತ್ತೆರಡರ ಹುಡುಗಿ. ಹೊಡೆಯುವ ಗಂಡನನ್ನು ಬಿಟ್ಟು ಅಣ್ಣನ ಮನೆಗೆ ಬಂದು ವರ್ಷವಾಗಿತ್ತು. ಮೂಲೆಯಲ್ಲಿ ಕೂತು ಗೋಡೆ ನೋಡುತ್ತಿದ್ದವಳು ಕೆಲಸ ಸಿಕ್ಕಿದ ದಿನ ತಲೆ ಬಾಚಿಕೊಂಡಳು. ಎಂಟನೇ ತನಕ ಓದಿದ್ದಳು. ಕೈ ಬಾಳೆಯ ಸುಳಿಯ ಹಾಗಿತ್ತು. ಮೇಡಂ ಅವಳನ್ನು ನೋಡಿ "ಪರ್ಫೆಕ್ಟ್" ಎಂದರು.

ಒಂದು ತಿಂಗಳಿಗೇ ಆ ಹುಡುಗಿ ಮನೆಯಲ್ಲಿ ಪಾತ್ರೆ ಉಜ್ಜುತ್ತಾ ಮಣಿಕಟ್ಟನ್ನು ಗಲ್ಲಕ್ಕೆ ತಿಕ್ಕಿಕೊಳ್ಳತೊಡಗಿದಳು.

"ಏನಾಯ್ತೇ ಪುಟ್ಟಿ?"

"ಏನಿಲ್ಲ ಅತ್ತಿಗೆ. ಸೊಳ್ಳೆ."

"ಸೊಳ್ಳೆ ಎರಡು ಕೈಗೂ ಅಳತೆ ಮಾಡಿ ಕಚ್ಚತ್ತಾ? ಪುಡಿ ಮುಟ್ಟಿದ್ಯಾ ನೀನು? ನಾನು ಕಲೆಸ್ತೀನಿ ಅಂದಿರ್ಲಿಲ್ವಾ?"

"ನೀನು ಒಬ್ಳೇ ಎಷ್ಟೂಂತ ಕಲೆಸ್ತೀಯ? ಮೇಡಂ ಬೇಗ ಬೇಗ ಅಂತಾರೆ..." ಹುಡುಗಿ ತಲೆ ತಗ್ಗಿಸಿದಳು. "ಈ ಕೆಲಸ ಹೋದ್ರೆ ಮತ್ತೆ ಆ ಮೂಲೇಲಿ ಕೂರ್ಬೇಕು ಅತ್ತಿಗೆ. ನನ್ನಿಂದ ಆಗಲ್ಲ."

ಸೊಪ್ಪಕ್ಕ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಅವಳ ಮುಂದೆ ಇಟ್ಟಳು.

ಇದಾಗಿ ವಾರದೊಳಗೆ ಬ್ಯಾಂಕಿನಮ್ಮನ ಗಲಾಟೆ ಆಯಿತು. ಬ್ಯಾಂಕಿನಲ್ಲಿ ಕೆಲಸ ಮಾಡುವ, ಐವತ್ತು ದಾಟಿದ, ಮಗಳ ಮದುವೆಯ ಓಡಾಟದಲ್ಲಿದ್ದ ಹೆಂಗಸು. ಬಣ್ಣ ಹಚ್ಚಿಸಿಕೊಂಡು ಹೋದ ಮರುದಿನ ಬೆಳಿಗ್ಗೆ ಕಣ್ಣು ತೆರೆಯಲಾಗಲಿಲ್ಲವಂತೆ. ಹಣೆ, ಕಿವಿ, ರೆಪ್ಪೆ ಎಲ್ಲ ಬಾತು ಒಂದಾಗಿ, ನೆತ್ತಿಯಿಂದ ನೀರು ಸೋರುತ್ತಿತ್ತಂತೆ. ಗಂಡನ ತೋಳು ಹಿಡಿದು ಪಾರ್ಲರಿಗೆ ಬಂದು ಕೂಗಾಡಿದಳು. ಮುಂಗೋಣೆಯಲ್ಲಿದ್ದ ಗಿರಾಕಿಗಳೆಲ್ಲ ಎದ್ದು ನಿಂತರು.

ಮೇಡಂ ಬೆವರಲಿಲ್ಲ. ಹಿಂದೆ ಬಂದು ಸೊಪ್ಪಕ್ಕನ ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋಗಿ, ಕೋಣೆಯ ನಡುವೆ ನಿಲ್ಲಿಸಿ, ಅವಳ ಎರಡೂ ಕೈಯನ್ನು ಮೇಲೆತ್ತಿ ಹಿಡಿದು ಎಲ್ಲರಿಗೂ ತೋರಿಸಿದರು.

"ನೋಡಿ. ಇದು ಕಾರಣ. ಇವಳಿಗೆ ಚರ್ಮರೋಗ ಇದೆ. ನಮ್ಮಿಂದ ಮುಚ್ಚಿಟ್ಟು ಇದೇ ಕೈಯಲ್ಲಿ ಕಲೆಸಿದ್ದಾಳೆ. ನಂಬಿದ್ದಕ್ಕೆ ಬೆನ್ನಿಗೆ ಚೂರಿ ಹಾಕಿದ್ಳು. ಈ ಕ್ಷಣದಿಂದ ಇವಳು ಕೆಲಸದಲ್ಲಿಲ್ಲ."

ಹೆಂಗಸರು ಮೂಗಿಗೆ ಸೆರಗು ಒತ್ತಿಕೊಂಡರು. ಒಬ್ಬಳಿಗೆ ಓಕರಿಕೆ ಬಂತು. ಬ್ಯಾಂಕಿನಮ್ಮ ಬಾತ ಕಣ್ಣಿನ ಸಂದಿಯಿಂದ ನೋಡಿ, "ಈ ಕೈಯಿಂದ್ಲಾ ನನ್ನ ತಲೆಗೆ? ಅಯ್ಯೋ ದೇವರೇ, ಈ ಕೊಳಕು ಕೈಯಿಂದ್ಲಾ?" ಎಂದು ಅತ್ತಳು. ಸೊಪ್ಪಕ್ಕ ಕೈ ಬಿಡಿಸಿಕೊಳ್ಳಲು ನೋಡಿದಳು. ಮೇಡಂ ಹಿಡಿತ ಇನ್ನೂ ಬಿಗಿಯಾಯಿತು. ಗಾಜಿನಾಚೆ ನಾದಿನಿ ಅರೆಯುವುದನ್ನು ನಿಲ್ಲಿಸಿ ಕಲ್ಲಿನಂತೆ ಕೂತಿದ್ದಳು.

ಯಾರೋ ಫೋನಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ಆ ಎತ್ತಿ ಹಿಡಿದ ಕೈಗಳು ಊರೆಲ್ಲ ಸುತ್ತಿದವು.

ಮರುದಿನ ನಲ್ಲಿಯ ಹತ್ತಿರ ಅವಳ ಕೊಡ ಇಟ್ಟ ಜಾಗ ಬಿಟ್ಟು ಉಳಿದ ಕೊಡಗಳೆಲ್ಲ ಆ ಕಡೆಗೆ ಸರಿದವು. ಅವಳು ನೀರು ಹಿಡಿದು ಹೋದ ಮೇಲೆ ಒಬ್ಬಳು ನಲ್ಲಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು. ಬಾಗಿಲ ಸಂದಿಯಿಂದ ಸೊಪ್ಪಕ್ಕ ಅದನ್ನು ನೋಡಿದಳು. ಆರು ವರ್ಷ ಜೊತೆಯಲ್ಲಿ ನೀರು ಹಿಡಿದವಳು.

ಅದನ್ನೂ ನುಂಗಿದಳು. ನುಂಗಲಾಗದ್ದು ಮಗಳ ಮನೆಯಲ್ಲಿ ಆಯಿತು. ಮಗಳು ಹೆತ್ತು ಹದಿನೆಂಟು ದಿನ. ಮೊಮ್ಮಗಳನ್ನು ನೋಡಲು ಎರಡು ಬಸ್ಸು ಹತ್ತಿ ಹೋದರೆ, ಬೀಗಿತ್ತಿ ಹೊಸ್ತಿಲಲ್ಲೇ ನಿಂತಿದ್ದಳು.

"ಬನ್ನಿ ಅಕ್ಕ, ಕೂತ್ಕೊಳ್ಳಿ. ಕಾಫಿ ಕುಡೀರಿ. ಮಗೂನ ಮಾತ್ರ... ತಪ್ಪು ತಿಳ್ಕೋಬೇಡಿ. ಎಳೇ ಚರ್ಮ ನೋಡಿ. ಅಲ್ಲಿಂದ್ಲೇ ನೋಡ್ಬಿಡಿ."

ಮಗಳು ಒಳಗೆ ಮಂಚದ ಮೇಲೆ ಮಗುವನ್ನು ಎದೆಗೆ ಹಚ್ಚಿಕೊಂಡು ಕೂತಿದ್ದಳು. ಅಮ್ಮನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಕಣ್ಣು ಕೆಳಗೆ ಹಾಕಿದಳು. ಸೊಪ್ಪಕ್ಕ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಬಾಗಿಲ ಚೌಕಟ್ಟಿಗೆ ಒರಗಿ, ಅಷ್ಟು ದೂರದಿಂದ ಮಗುವಿನ ತಲೆಯ ಹಿಂಬದಿ ನೋಡಿದಳು. ಮುಖ ಕಾಣಲಿಲ್ಲ. ಕಾಫಿಯನ್ನು ಕಾಗದದ ಲೋಟದಲ್ಲಿ ಕೊಟ್ಟರು. ಮನೆಯವರಿಗೆಲ್ಲ ಸ್ಟೀಲು.

ಬಸ್ಸಿನಲ್ಲಿ ಬರುವಾಗ ಅವಳಿಗೆ ಅಳು ಬರಲಿಲ್ಲ. ಹಲ್ಲು ಕಚ್ಚಿದ್ದು ದವಡೆ ನೋಯುವ ತನಕ ಬಿಡಲಿಲ್ಲ.

ಮೂರನೇ ದಿನ ಪಾರ್ಲರಿನಿಂದ ಫೋನು ಬಂತು. ಮೇಡಂ ಸ್ವರ ಜೇನಿನಲ್ಲಿ ಅದ್ದಿದ ಹಾಗಿತ್ತು.

"ಸೊಪ್ಪಕ್ಕ, ನೀನು ನಮ್ಮ ಮನೆಯವಳು ಇದ್ದ ಹಾಗೆ. ನಿನ್ನ ಮೇಲೆ ನಂಗೇನು ಸಿಟ್ಟಿಲ್ಲ. ಆ ಬ್ಯಾಂಕಿನಮ್ಮ ಕೇಸು ಹಾಕ್ತೀನಿ ಅಂತಿದ್ದಾಳೆ. ನಾಳೆ ಬೆಳಿಗ್ಗೆ ಬಂದು ಅವಳ ಎದುರು ಒಂದು ಮಾತು ಹೇಳ್ಬಿಡು. ನನಗೆ ಮೊದ್ಲಿಂದ್ಲೂ ಚರ್ಮರೋಗ ಇತ್ತು, ಮೇಡಂಗೆ ಹೇಳದೆ ಮುಚ್ಚಿಟ್ಟಿದ್ದೆ, ತಪ್ಪಾಯ್ತು ಕ್ಷಮಿಸಿ. ಅಷ್ಟೇ. ಫೋನಲ್ಲಿ ಹಿಡ್ಕೋತೀವಿ. ನಿಂಗೆ ಟವೆಲ್ ಒಗೆಯೋ ಕೆಲಸ ಹುಡುಕಿ ಕೊಡ್ತೀನಿ. ನಿನ್ನ ನಾದಿನಿ ಕೆಲಸಾನೂ ಉಳಿಯತ್ತೆ."

"ಹೇಳದಿದ್ರೆ?"

ಜೇನು ಅಲ್ಲಿಗೆ ಮುಗಿಯಿತು. "ಹೇಳದಿದ್ರೆ ಪೊಲೀಸಿನವರ ಎದುರು ಹೇಳ್ತೀಯ. ರೋಗ ಮುಚ್ಚಿಟ್ಟು ಜನಕ್ಕೆ ಅಂಟಿಸಿದ್ದೀಯ ಅಂತ ನಾನೇ ಬರ್ದು ಕೊಡ್ತೀನಿ."

ಗಂಡ ಎಲ್ಲ ಕೇಳಿಸಿಕೊಂಡು ಬೀಡಿ ಆರಿಸಿದ. "ಹೇಳ್ಬಿಡು ಹೋಗ್ಲಿ. ನಾವು ಯಾವ ಮಹಾರಾಜರು? ಒಂದು ಮಾತಿಂದ ಏನು ಸವೀತೀಯ?" ಎಂದ. ಅವನು ಕೆಟ್ಟವನಲ್ಲ. ಹೆದರಿದವನು.

ಮರುದಿನ ಬೆಳಿಗ್ಗೆ ಅವಳು ಮೊದಲ ಸಲ ಪಾರ್ಲರಿನ ಮುಂಬಾಗಿಲಿನಿಂದ ಒಳಗೆ ಹೋದಳು. ಚಪ್ಪಲಿ ಹೊರಗೆ ಬಿಡಿಸಿದರು. ನೆಲ ಕನ್ನಡಿಯ ಹಾಗಿತ್ತು. ಕೆಳಗೆ ನೋಡಿದರೆ ತನ್ನದೇ ಮುಖ. ಸೋಫಾದಲ್ಲಿ ಬ್ಯಾಂಕಿನಮ್ಮ ತಲೆಗೆ ಬಟ್ಟೆ ಸುತ್ತಿ ಕೂತಿದ್ದಳು. ಊತ ಇಳಿದಿತ್ತು, ಹಣೆಯ ಚರ್ಮ ಮಾತ್ರ ಸುಲಿದು ಸುಲಿದು ಉದುರುತ್ತಿತ್ತು. ಸೊಪ್ಪಕ್ಕನನ್ನು ಕಂಡದ್ದೇ ಕಾಲು ಎಳೆದುಕೊಂಡಳು.

"ಅಲ್ಲೇ ನಿಂತ್ಕೊಳ್ಳೋಕೆ ಹೇಳಿ. ಹತ್ರ ಬೇಡ."

ಬಾಗಿಲ ಬಳಿ ಹೆಸರು ಬರೆದುಕೊಳ್ಳುವ ಹುಡುಗಿ ಫೋನನ್ನು ಸ್ಟ್ಯಾಂಡಿಗೆ ಸಿಗಿಸುತ್ತಿದ್ದಳು. ಮೇಡಂ ಮೇಜಿನ ಖಾನೆ ತೆಗೆದು, ಒಂದು ಜೊತೆ ಬಿಳಿ ಗ್ಲೌಸು ತೆಗೆದು ಸೊಪ್ಪಕ್ಕನ ಮುಂದೆ ಹಿಡಿದರು.

"ಹಾಕ್ಕೋ. ಆ ಕೈ ನೋಡಿ ಅವ್ರಿಗೆ ಅಸಹ್ಯ ಆಗ್ಬಾರ್ದು."

ಸೊಪ್ಪಕ್ಕ ಗ್ಲೌಸನ್ನು ನೋಡಿದಳು. ಹೊಸದು. ಪೌಡರಿನ ಪರಿಮಳ ಇನ್ನೂ ಹೋಗಿರಲಿಲ್ಲ. ಖಾನೆಯಲ್ಲಿ ಇನ್ನೂ ಒಂದು ಇಡೀ ಡಬ್ಬಿ ಇತ್ತು. ಬಣ್ಣ ಹಚ್ಚುವ ಹುಡುಗಿಯರು ಗಿರಾಕಿಗಳು ಹೋದ ಮೇಲೆ ಬಟ್ಟಲು, ಬ್ರಷ್ಷು ತೊಳೆಯುವಾಗ ಹಾಕಿಕೊಳ್ಳುವುದಕ್ಕೆ ಇಟ್ಟದ್ದು. ಅವಳಿಗೆ ಇದುವರೆಗೆ ಗೊತ್ತೇ ಇರಲಿಲ್ಲ.

"ಇವತ್ತು ಪ್ಲಾಸ್ಟಿಕ್ ಆಗತ್ತಾ ಮೇಡಂ?"

"ಏನು?"

"ಏನಿಲ್ಲ."

ಗ್ಲೌಸನ್ನು ಅವಳು ಹಾಕಿಕೊಳ್ಳಲಿಲ್ಲ. ಮೇಜಿನ ಮೇಲೆ ಇಟ್ಟಳು. ಮೇಡಂ ಹುಬ್ಬು ಗಂಟಿಕ್ಕಿದರು. ಆದರೆ ಫೋನು ಆಗಲೇ ಶುರುವಾಗಿತ್ತು, ಹುಡುಗಿ ಕೈ ಬೀಸಿದಳು.

"ಹೇಳು," ಎಂದರು ಮೇಡಂ ಮೆಲ್ಲಗೆ.

"ನನಗೆ..." ಎಂದಳು ಸೊಪ್ಪಕ್ಕ.

ಕಲಿಸಿದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳು. ಮೇಡಂ ಹೆಗಲಿನಾಚೆ ಗಾಜು ಕಾಣುತ್ತಿತ್ತು. ಗಾಜಿನ ಹಿಂದೆ ನಾದಿನಿ ಬಟ್ಟಲಿಗೆ ಕೈ ಹಾಕಿ ಕಲೆಸುತ್ತಿದ್ದಳು. ಇನ್ನು ಗಂಟೆಯೊಳಗೆ ಗಿರಾಕಿಗಳು ಬರುತ್ತಾರೆ. ಬೆಳಕಿಗೆ ಹುಡುಗಿಯ ಮೊಣಕೈ ತನಕ ಕೆಂಪು ಚೆಲ್ಲಿದ ಹಾಗೆ ಕಾಣುತ್ತಿತ್ತು. ಕೈ ಹೊರಗೆ ತೆಗೆಯುವ ಹಾಗಿಲ್ಲ, ತುರಿಕೆ ತಡೆಯುವ ಹಾಗಿಲ್ಲ. ಹುಡುಗಿ ತಲೆ ಬಗ್ಗಿಸಿ ತನ್ನ ತೋಳನ್ನು ಹಲ್ಲಿನಿಂದ ಕಚ್ಚಿಕೊಂಡಳು.

ಸೊಪ್ಪಕ್ಕ ಅಲ್ಲಿಂದ ಕದಲಿದಳು.

"ಏಯ್, ಎಲ್ಲಿಗೆ? ಏಯ್!"

ಗಾಜಿನ ಪಕ್ಕದ ಬಾಗಿಲು ದೂಡಿ ಒಳಗೆ ಹೋದಳು. ನಾದಿನಿಯ ಕೈಯನ್ನು ಬಟ್ಟಲಿನಿಂದ ಎತ್ತಿ ನೀರಿನ ಬಕೆಟ್ಟಿಗೆ ಅದ್ದಿದಳು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ತಂದಳು. ಸೋಫಾದ ಎದುರಿದ್ದ ಗಾಜಿನ ಮೇಜಿನ ಮೇಲೆ, ಚೆಂದ ಚೆಂದದ ಪುಸ್ತಕಗಳ ಮೇಲೇ ಇಟ್ಟಳು. ಕಪ್ಪು ಅಂಚಿನಿಂದ ತುಳುಕಿ ಹಾಳೆಗೆ ಇಳಿಯಿತು.

"ಕೈ ಹಾಕಿ ಮೇಡಂ."

"ಏನು ನಾಟಕ ಇದು?"

"ಬೇರಿನ ಪುಡಿ ಅಲ್ವಾ? ಬೆಟ್ಟದ್ದಲ್ವಾ? ಹಾಕಿ. ನಾನು ನೂರು ಎಣಿಸ್ತೀನಿ. ನೂರರ ಮೇಲೆ ನಂಗೆ ಬರಲ್ಲ. ಅಷ್ಟು ಹೊತ್ತು ಇಡಿ ಸಾಕು. ನಾನು ದಿನಕ್ಕೆ ಎಂಟು ಸಲ ಇಡ್ತಿದ್ದೆ, ಎರಡು ವರ್ಷ."

ಮೇಡಂ ಕೈಗಳು ತಮ್ಮಷ್ಟಕ್ಕೆ ತಾವೇ ಬೆನ್ನ ಹಿಂದೆ ಹೋದವು. ಅದನ್ನು ಅವರು ಗಮನಿಸಲಿಲ್ಲ. ಉಳಿದವರೆಲ್ಲ ಗಮನಿಸಿದರು.

"ಹೊರಗೆ ನಡಿ. ಪೊಲೀಸಿಗೆ ಫೋನ್ ಮಾಡ್ತೀನಿ."

"ಮಾಡಿ. ಮೊದ್ಲು ಕೈ ಹಾಕಿ. ನಂಗೆ ರೋಗ ಇದ್ರೆ ನಿಮ್ಗೇನಾಗತ್ತೆ? ಇದು ನಾನು ಕಲೆಸಿದ್ದಲ್ಲ. ನಿಮ್ಮ ಪರ್ಫೆಕ್ಟ್ ಹುಡುಗಿ ಕಲೆಸಿದ್ದು."

ಬ್ಯಾಂಕಿನಮ್ಮ ತಲೆಯ ಬಟ್ಟೆ ಸರಿಮಾಡಿಕೊಂಡಳು. ಬಟ್ಟಲನ್ನು ನೋಡಿದಳು. ಮೇಡಂ ಮುಖ ನೋಡಿದಳು.

"ಹಾಕಿ ಮೇಡಂ," ಎಂದಳು. "ಒಂದು ಬೆರಳು ಹಾಕಿ."

"ಅಲ್ಲ, ನಾನು ಈಗಷ್ಟೇ ಉಗುರು ಮಾಡಿಸ್ಕೊಂಡಿದ್ದೀನಿ... ಕಪ್ಪು ಹಿಡಿಯತ್ತೆ..."

"ಒಂದು ಬೆರಳು."

ಮೇಡಂ ಹಾಕಲಿಲ್ಲ. ತಿರುಗಿ, ಬಾಗಿಲಲ್ಲಿ ಒದ್ದೆ ಕೈ ಇಳಿಬಿಟ್ಟು ನಿಂತಿದ್ದ ನಾದಿನಿಯ ಮೇಲೆ ಹರಿಹಾಯ್ದರು. "ಏಯ್, ನೀನು ಹೇಳು. ಇದರಲ್ಲಿ ಸೊಪ್ಪು ಬಿಟ್ಟು ಏನಿದೆ? ಏನೂ ಇಲ್ಲ ಅಂತ ಹೇಳು. ಯೋಚ್ನೆ ಮಾಡಿ ಹೇಳು. ಸಂಬಳ ಜಾಸ್ತಿ ಮಾಡೋಳಿದ್ದೆ ನಿಂಗೆ."

ಸೊಪ್ಪಕ್ಕ ಹುಡುಗಿಯತ್ತ ನೋಡಲಿಲ್ಲ. ನೋಡಿದರೆ ಅದೂ ಒಂದು ಒತ್ತಾಯ. ಹುಡುಗಿ ತಿರುಗಿ ಒಳಗೆ ಹೋದಳು. ಮೇಡಂ ಉಸಿರು ಬಿಟ್ಟರು. "ನೋಡಿದ್ರಾ," ಎಂದು ಬ್ಯಾಂಕಿನಮ್ಮನ ಕಡೆ ನಗಲು ನೋಡಿದರು.

ಒಳಗಿನಿಂದ ಗಡಗಡ ಸದ್ದು ಬಂತು. ನಾದಿನಿ ನೀಲಿ ಡ್ರಮ್ಮನ್ನು ಅಡ್ಡ ಮಲಗಿಸಿ ಕಾಲಿನಿಂದ ಉರುಳಿಸಿಕೊಂಡು ಬರುತ್ತಿದ್ದಳು. ಕನ್ನಡಿಯಂಥ ನೆಲದ ಮೇಲೆ ಅದು ಬೂದು ಗೆರೆ ಎಳೆಯುತ್ತಾ ಬಂದು ಸೋಫಾದ ಕಾಲಿಗೆ ಬಡಿದು ನಿಂತಿತು. ಮೈಮೇಲಿನ ಚೀಟಿ ಕೆರೆದವರಿಗೆ ತಳದ ಚೀಟಿ ನೆನಪಾಗಿರಲಿಲ್ಲ. ಅಕ್ಷರ ಯಾವುದೋ ಭಾಷೆಯದ್ದು. ಚಿತ್ರ ಮಾತ್ರ ಸೊಪ್ಪಕ್ಕನಿಗೂ ಅರ್ಥವಾಗುವಂಥದ್ದು. ಒಂದು ತಲೆಬುರುಡೆ. ಅದರ ಪಕ್ಕ ಒಣಗಿದ ಮರ, ಹೊಟ್ಟೆ ಮೇಲಾಗಿ ಸತ್ತ ಮೀನು.

"ಇದು ಬೇರಾ?" ಎಂದಳು ನಾದಿನಿ. ಅಷ್ಟೇ ಅವಳು ಆಡಿದ್ದು.

ಬ್ಯಾಂಕಿನಮ್ಮ ಎದ್ದಳು. ಡ್ರಮ್ಮನ್ನು ದಾಟುವಾಗ ಸೀರೆ ಎತ್ತಿ ಹಿಡಿದಳು. ಸೊಪ್ಪಕ್ಕನ ಎದುರು ಒಂದು ಗಳಿಗೆ ನಿಂತಳು. ಅವಳ ಕೈಗಳನ್ನು ನೋಡಿದಳು. ಕಣ್ಣು ತಪ್ಪಿಸಿ ಹೊರಟುಹೋದಳು.

"ಆಫ್ ಮಾಡು ಅದನ್ನ! ಆಫ್ ಮಾಡೇ!" ಎಂದು ಮೇಡಂ ಫೋನಿನ ಕಡೆ ಕಿರುಚಿದರು. ಫೋನಿನ ಹುಡುಗಿ ಆಗಲೇ ಆಫ್ ಮಾಡಿ, ಹಿಡಿದದ್ದನ್ನು ಅಳಿಸುತ್ತಿದ್ದಳು.

ಅತ್ತಿಗೆ ನಾದಿನಿ ಇಬ್ಬರೂ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡರು. ರಸ್ತೆ ತಿರುವಿನ ತನಕ ಬಿರುಸಾಗಿ ನಡೆದರು. ಅಲ್ಲಿ ನಾದಿನಿ ನಿಂತು ಗೋಡೆಗೆ ಹಣೆ ಆನಿಸಿದಳು. ಸೊಪ್ಪಕ್ಕ ಅವಳ ಬೆನ್ನು ಸವರಿದಳು.

"ಅತ್ತಿಗೆ, ಕೆಲಸ ಹೋಯ್ತು."

"ಹೋಯ್ತು."

"ಮತ್ತೆ ಮೂಲೆ."

"ಮೂಲೇಲಿ ಕೂರೋಕೆ ಬಿಟ್ರೆ ತಾನೇ ನಾನು? ನಡಿ."

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಪಾರ್ಲರ್ ಒಂದು ದಿನವೂ ಮುಚ್ಚಲಿಲ್ಲ. ಮೇಡಂ ಪೊಲೀಸಿಗೆ ದೂರು ಕೊಟ್ಟರು: ಕೆಲಸದಿಂದ ತೆಗೆದ ಹೆಂಗಸು ಗಿರಾಕಿಯ ಮೇಲೆ ರಾಸಾಯನಿಕ ಎರಚಲು ಬಂದಿದ್ದಳು ಎಂದು. ಠಾಣೆಯಲ್ಲಿ ಸೊಪ್ಪಕ್ಕನನ್ನು ಇಡೀ ದಿನ ಬೆಂಚಿನ ಮೇಲೆ ಕೂರಿಸಿದರು. ಅವಳು ನೀರು ಕುಡಿದ ಲೋಟವನ್ನು ಪೇದೆಯೊಬ್ಬ ಕಾಗದ ಸುತ್ತಿ ಬುಟ್ಟಿಗೆ ಎಸೆದ. ಬ್ಯಾಂಕಿನಮ್ಮನ ಮನೆ ಹುಡುಕಿಕೊಂಡು ಹೋದರೆ ಗಂಡ ಬಂದು, "ಅವ್ರಿಗೆ ಹುಷಾರಿಲ್ಲ, ಮದುವೆ ಮನೆ, ಇದೆಲ್ಲ ಬೇಡ" ಎಂದು ಗೇಟು ಹಾಕಿಕೊಂಡ. ಸೊಪ್ಪಕ್ಕ ದೂರು ಕೊಟ್ಟ ಮೇಲೆ ಕಾರ್ಮಿಕರ ಕಚೇರಿಯಿಂದ ಒಬ್ಬ ಇನ್ಸ್‌ಪೆಕ್ಟರು ಪಾರ್ಲರಿಗೆ ಹೋಗಿ ಬಂದ. ಅಲ್ಲಿ ಕಲ್ಲಿತ್ತು, ಸೊಪ್ಪಿತ್ತು. ಡ್ರಮ್ಮು ಇರಲಿಲ್ಲ.

"ನಿಮ್ಮ ಹತ್ರ ಏನಮ್ಮ ಇದೆ ಪುರಾವೆ?" ಎಂದು ಅವನು ಕೇಳಿದ.

ಅವಳು ಕೈ ತೋರಿಸಿದಳು.

"ಅದು ರೋಗ ಅಂತಾರೆ ಅವ್ರು. ಕೆಲಸದಿಂದ ಬಂದಿದ್ದು ಅಂತ ದೊಡ್ಡಾಸ್ಪತ್ರೆ ಡಾಕ್ಟರು ಬರ್ದು ಕೊಡ್ಲಿ. ಆಗ ನೋಡೋಣ."

ದೊಡ್ಡಾಸ್ಪತ್ರೆಯ ಚರ್ಮದ ವಿಭಾಗದಲ್ಲಿ ಬೆಳಿಗ್ಗೆ ಆರಕ್ಕೆ ಸಾಲು ಹಿಡಿದರೆ ಹನ್ನೊಂದಕ್ಕೆ ಒಳಗೆ ಬಿಟ್ಟರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಮುಖ ಎತ್ತದೆ ಕೇಳಿದಳು, ಮುಖ ಎತ್ತದೆ ಬರೆದಳು. ಆದರೆ ಕೈ ನೋಡುವಾಗ ಎತ್ತಿ ಹಿಡಿದು, ತಿರುಗಿಸಿ, ಒಂದೊಂದು ಬೆರಳನ್ನೂ ಬಿಡಿಸಿ ನೋಡಿದಳು. ಎಷ್ಟೋ ದಿನದ ಮೇಲೆ ಬೇರೆಯವರೊಬ್ಬರು ಆ ಕೈ ಮುಟ್ಟಿದ್ದು.

"ಕೂದಲ ಬಣ್ಣದ ಪುಡಿ. ಅದೇ. ಅಂಟೋ ರೋಗ ಅಲ್ಲ. ಇನ್ನು ಮುಟ್ಲೇಬೇಡಿ. ಮುಲಾಮು ಬರ್ದಿದ್ದೀನಿ, ಎರಡು ಹೊತ್ತು ಹಚ್ಚಿ. ಮುಂದಿನವರು ಬನ್ನಿ."

ಸೊಪ್ಪಕ್ಕ ಏಳಲಿಲ್ಲ. ಚೀಟಿಯನ್ನು ನಾದಿನಿಯ ಕೈಗೆ ಕೊಟ್ಟಳು.

"ಏನಂತ ಬರ್ದಿದ್ದಾರೆ ನೋಡೇ."

ನಾದಿನಿ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. "ಎರಡೂ ಕೈಗೆ ಚರ್ಮರೋಗ ಅಂತ ಇದೆ. ಅಷ್ಟೇ."

"ಹಾಗೆ ಬರ್ದ್ರೆ ಅದು ನನ್ನದಾಗತ್ತೆ ಡಾಕ್ಟರಮ್ಮ," ಎಂದಳು ಸೊಪ್ಪಕ್ಕ. "ನನ್ನದಲ್ಲ ಅದು. ಎಲ್ಲಿಂದ ಬಂತು ಅಂತ ಬರೀರಿ. ಈಗ ಬಾಯಲ್ಲಿ ಹೇಳಿದ್ರಲ್ಲ, ಅದನ್ನ ಬರೀರಿ."

"ಅದು ಹಾಗೆಲ್ಲ ಬರಿಯೋಕಾಗಲ್ಲಮ್ಮ. ಬರ್ದ್ರೆ ನಾಳೆ ಯಾವ್ದೋ ಕಚೇರಿ, ಕೋರ್ಟು ಅಂತ ನನ್ನನ್ನ ಕರೀತಾರೆ. ಇಲ್ಲಿ ಸಾಲು ನೋಡಿದ್ದೀರಾ?"

"ಕರೀಲಿ. ನಾನೂ ಬರ್ತೀನಿ. ಇಬ್ರೂ ಹೋಗೋಣ."

"ಏಳಿ, ಹಿಂದಿನವರು ಕಾಯ್ತಿದ್ದಾರೆ."

"ನಾನೂ ಆರು ಗಂಟೆಯಿಂದ ಕಾದಿದ್ದೀನಿ. ಬರಿಯೋ ತನಕ ಏಳಲ್ಲ. ಎಬ್ಬಿಸ್ಬೇಕು ಅಂದ್ರೆ ಈ ಕೈ ಹಿಡಿದೇ ಎಬ್ಬಿಸ್ಬೇಕು. ಯಾರು ಹಿಡೀತಾರೆ ಹೇಳಿ."

ಹಿಂದಿನ ಸಾಲಿನಲ್ಲಿ ಗೊಣಗಾಟ ಎದ್ದಿತು. ಬಾಗಿಲು ಕಾಯುವವನು ಒಳಗೆ ಬಂದು, "ಏನಮ್ಮ, ನಿಮ್ಮೊಬ್ರದೇನಾ ಆಸ್ಪತ್ರೆ?" ಎಂದು ಗದರಿದ. ಕೈ ಚಾಚಿದವನು ಅವಳ ಕೈ ಕಂಡು ಅಲ್ಲೇ ತಡೆದ. ಸೊಪ್ಪಕ್ಕ ಮೇಜಿನ ಮೇಲೆ ಎರಡೂ ಅಂಗೈ ಮೇಲ್ಮುಖವಾಗಿ ಇಟ್ಟು ಕೂತಿದ್ದಳು. ನಾದಿನಿ ಪಕ್ಕದಲ್ಲಿ ನಿಂತು, ಅಂಗಿಯ ತೋಳು ಮೇಲೆ ಮಡಚಿ, ಕೆಂಪೆದ್ದ ತನ್ನ ಎರಡೂ ಕೈಯನ್ನು ಆ ಕೈಗಳ ಪಕ್ಕ ಮೇಜಿನ ಮೇಲಿಟ್ಟಳು.

ಡಾಕ್ಟರಮ್ಮ ನಾಲ್ಕೂ ಕೈಗಳನ್ನು ನೋಡಿದಳು. ಬಾಗಿಲು ಕಾಯುವವನಿಗೆ ಹೊರಗೆ ಹೋಗು ಎಂದು ಸನ್ನೆ ಮಾಡಿದಳು. ಚೀಟಿ ವಾಪಸು ತೆಗೆದುಕೊಂಡು, ಬರೆದದ್ದಕ್ಕೆ ಅಡ್ಡಗೆರೆ ಎಳೆದು, ಕೆಳಗೆ ನಿಧಾನವಾಗಿ, ಬಿಡಿಬಿಡಿ ಕನ್ನಡ ಅಕ್ಷರದಲ್ಲಿ ಮೂರು ಸಾಲು ಬರೆದಳು. ಸಹಿ ಹಾಕಿ, ಸೀಲು ಒತ್ತಿದಳು.

"ಓದು," ಎಂದಳು ಸೊಪ್ಪಕ್ಕ.

ನಾದಿನಿ ಓದಿದಳು. ಈ ಸಲ ತಡವರಿಸಲಿಲ್ಲ. "ಪಾರ್ಲರಿನ ಕೆಲಸದಲ್ಲಿ ಕೂದಲಿನ ಬಣ್ಣದ ರಾಸಾಯನಿಕವನ್ನು ಬರಿಗೈಯಿಂದ ಕಲೆಸಿದ್ದರಿಂದ ಆದ ಗಾಯ. ಇದು ಅಂಟುರೋಗವಲ್ಲ."

"ಇನ್ನೊಂದು ಸಲ ಓದು."

ಓದಿದಳು. ಹಿಂದಿನ ಸಾಲಿನವರಿಗೂ ಕೇಳುವ ಹಾಗೆ ಓದಿದಳು.

ಸೊಪ್ಪಕ್ಕ ಎದ್ದು ನಿಂತು, ಸ್ಟೂಲನ್ನು ಕಾಲಿನಿಂದ ನಾದಿನಿಯ ಕಡೆಗೆ ತಳ್ಳಿದಳು.

"ಕೂತ್ಕೋ," ಎಂದಳು. "ಡಾಕ್ಟರಮ್ಮ, ಈಗ ಇವಳದ್ದು ಬರೀರಿ."